ಸವೆಯದೆಯೇ ಮುದಿಯಾಗುವ ಟೈರು

ಹಳೆಯ ಕಾರು ಮಾರುವವರ ಬಾಯಲ್ಲಿ ಕೆಲವು ಮಾತುಗಳು ಖಾಯಂ. ‘ಸಿಂಗಲ್ ಓನರ್ ಸಾರ್, ಮೂವತ್ತೆಂಟು ಸಾವಿರ ಮಾತ್ರ ಓಡಿರೋದು, ಟೈರ್ ಕೂಡ ಕಂಪನಿದೇ ಇದೆ.’ ಕೊಳ್ಳಲು ಬಂದವರು ಬಗ್ಗಿ ನೋಡುತ್ತಾರೆ, ಟೈರಿನ ಕಚ್ಚುಗಳೊಳಗೆ ಬೆರಳಾಡಿಸುತ್ತಾರೆ, ಇನ್ನೂ ಒಳ್ಳೆ ಗ್ರಿಪ್ ಇದೆ ಎಂದು ತಲೆದೂಗುತ್ತಾರೆ. ಹನ್ನೆರಡು ವರ್ಷ ಹಳೆಯ ಕಾರಿನಲ್ಲಿ ಇನ್ನೂ ಕಂಪನಿ ಟೈರೇ ಇದೆಯೆಂದರೆ ಅದು ಹೆಚ್ಚುಗಾರಿಕೆಯಲ್ಲ. ಚೌಕಾಸಿ ಮಾಡಿ ಬೆಲೆ ಇಳಿಸಲು ಸಿಕ್ಕ ಒಳ್ಳೆಯ ಕಾರಣ.

ದಿನಾ ಓಡುವ ಟ್ಯಾಕ್ಸಿಯ ಟೈರು ಒಂದೆರಡು ವರ್ಷದಲ್ಲೇ ಸವೆದು ಬೋಳಾಗುತ್ತದೆ. ಮಾಲೀಕ ಗೊಣಗುತ್ತಲೇ ಬದಲಿಸುತ್ತಾನೆ. ಹಬ್ಬಕ್ಕೆ ಊರಿಗೆ, ಮದುವೆಗೆ ಛತ್ರಕ್ಕೆ, ಭಾನುವಾರ ದೇವಸ್ಥಾನಕ್ಕೆ ಹೋಗಿಬಂದು ಉಳಿದ ದಿನವೆಲ್ಲ ಹೊದಿಕೆ ಹೊದ್ದು ನಿಲ್ಲುವ ಮನೆಕಾರಿನ ಪಾಡು ಬೇರೆ. ಅದರ ಟೈರು ಸವೆಯುವಷ್ಟು ಓಡುವುದೇ ಇಲ್ಲ, ಆದರೆ ವರ್ಷಗಳು ನಿಲ್ಲುವುದಿಲ್ಲ. ಅಂಥ ಕಾರಿಗೆ ಹೊಸ ಟೈರು ಹಾಕಿಸಿದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ: ಗಾಡಿಯೇ ಬೇರೆ ಆದಹಾಗಿದೆ. ಎಂಜಿನ್ ಅದೇ, ಬ್ರೇಕ್ ಅದೇ, ಸೀಟೂ ಅದೇ. ಬದಲಾದದ್ದು ನೆಲಕ್ಕೂ ಕಾರಿಗೂ ನಡುವಿನ ನಾಲ್ಕು ತುಂಡು ರಬ್ಬರು ಮಾತ್ರ.

ಒಂದೊಂದು ಟೈರೂ ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ. ಜನ, ಸಾಮಾನು ಸೇರಿ ಒಂದು ಟನ್ನಿಗೂ ಮಿಕ್ಕಿದ ಭಾರವನ್ನು ಹೊರುವುದು, ತಿರುಗಿಸುವುದು, ನಿಲ್ಲಿಸುವುದು ಎಲ್ಲವೂ ಈ ನಾಲ್ಕು ಅಂಗೈಗಳ ಕೆಲಸ. ಕಣ್ಣಿಗೆ ನುಣ್ಣಗೆ ಕಾಣುವ ಡಾಂಬರು ರಸ್ತೆಯ ಮೈಯೆಲ್ಲ ಜಲ್ಲಿಯ ಸಣ್ಣ ಸಣ್ಣ ಮೊನೆಗಳು. ಮೆತುವಾದ ರಬ್ಬರು ಆ ಮೊನೆಗಳ ಸುತ್ತ ಒತ್ತಿಕೊಂಡು ಕೂರುತ್ತದೆ, ಸಂದುಗಳಿಗೆ ಇಳಿಯುತ್ತದೆ. ಜಾರಲು ಹೊರಟಾಗ ಬಾಗಿ, ಹಿಗ್ಗಿ, ತುಸು ಬಿಸಿಯಾಗಿ ತಡೆಯೊಡ್ಡುತ್ತದೆ. ಹಿಡಿತ ಎನ್ನುವುದು ಇದನ್ನೇ. ಗಟ್ಟಿಯಾದ ರಬ್ಬರು ಸಂದಿಗಿಳಿಯದೆ ಮೊನೆಗಳ ತುದಿಯ ಮೇಲಷ್ಟೇ ನಿಲ್ಲುತ್ತದೆ. ಶಾಲೆಯ ಕಂಪಾಸ್ ಬಾಕ್ಸಿನಲ್ಲಿ ವರ್ಷಗಟ್ಟಲೆ ಉಳಿದ ರಬ್ಬರಿನಿಂದ ಪೆನ್ಸಿಲ್ ಗೆರೆ ಒರೆಸಲು ಹೋದರೆ ಅದು ಗೆರೆ ಅಳಿಸುವ ಬದಲು ಕಾಗದದ ಮೇಲೆ ಜಾರಿ ಮಸಿ ಹರಡುತ್ತದಲ್ಲ, ಟೈರಿನ ಗತಿಯೂ ಹಾಗೆಯೇ.

ಗಟ್ಟಿಯಾಗುವುದು ಯಾಕೆ? ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಕರಗದೆ, ಚಳಿಗೆ ಸೆಡೆಯದೆ ಉಳಿಯುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡರು. ರಬ್ಬರಿನ ಉದ್ದುದ್ದ ಅಣುಸರಪಳಿಗಳನ್ನು ಗಂಧಕ ಅಲ್ಲಲ್ಲಿ ಒಂದಕ್ಕೊಂದು ಬೆಸೆಯುತ್ತದೆ. ಟೈರು ಕಾರ್ಖಾನೆ ಬಿಟ್ಟ ಮೇಲೂ ಬಿಸಿಲಿನ ಕಾವು, ಗಾಳಿಯ ಆಮ್ಲಜನಕ ಸೇರಿಕೊಂಡು ಈ ಬೆಸುಗೆಯನ್ನು ನಿಧಾನವಾಗಿ ಹೆಚ್ಚಿಸುತ್ತಲೇ ಹೋಗುತ್ತವೆ. ಬೆಸುಗೆ ಹೆಚ್ಚಿದಷ್ಟೂ ಮೆತುತನ ಕಡಿಮೆ. ಗಾಳಿಯಲ್ಲಿರುವ ಓಝೋನ್ ಬೇರೆ ಟೈರಿನ ಪಕ್ಕೆಯನ್ನು ಕೂದಲೆಳೆಯಂತೆ ಸೀಳುತ್ತದೆ. ಇದನ್ನು ತಡೆಯಲೆಂದೇ ತಯಾರಕರು 6ಪಿಪಿಡಿ ಎಂಬ ರಾಸಾಯನಿಕವನ್ನು ರಬ್ಬರಿನೊಳಗೆ ಬೆರೆಸಿರುತ್ತಾರೆ. ಅದು ಒಳಗಿನಿಂದ ಮೆಲ್ಲನೆ ಹೊರಮೈಗೆ ಒಸರಿ, ತಾನೇ ಓಝೋನಿಗೆ ಬಲಿಯಾಗಿ ರಬ್ಬರನ್ನು ಕಾಯುತ್ತದೆ. ಕೆಲವು ಟೈರುಗಳ ಪಕ್ಕೆಯಲ್ಲಿ ಕಾಣುವ ಕಂದು ಛಾಯೆ ಕೊಳೆಯಲ್ಲ, ಇದೇ ಕಾವಲುಗಾರನ ಗುರುತು. ಟೈರು ಉರುಳುತ್ತ ಬಾಗುತ್ತ ಇದ್ದರೆ ಈ ಒಸರುವಿಕೆ ಚೆನ್ನಾಗಿ ನಡೆಯುತ್ತದೆ, ನಿಂತಲ್ಲೇ ನಿಂತರೆ ಕುಂಠಿತವಾಗುತ್ತದೆ. ‘ಓಡಿಸದೆ ಜೋಪಾನವಾಗಿ ಇಟ್ಟಿದ್ದೇವೆ’ ಎನ್ನುವ ಕಾರಿನ ಟೈರೇ ಬೇಗ ಬಿರುಕು ಬಿಡುವುದು ಅದಕ್ಕೆ.

ಇದು ಬಡ ಕಾರುಗಳ ಸಮಸ್ಯೆಯೆಂದುಕೊಳ್ಳಬೇಕಿಲ್ಲ. 2013ರ ನವೆಂಬರ್ 30ರಂದು ಹಾಲಿವುಡ್ ನಟ ಪಾಲ್ ವಾಕರ್ ಸತ್ತದ್ದು ಸ್ನೇಹಿತರೊಬ್ಬರು ಓಡಿಸುತ್ತಿದ್ದ ಪೋರ್ಷೆ ಕರೆರಾ ಜಿಟಿ ಕಾರಿನಲ್ಲಿ. 2005ರ ಮಾಡೆಲ್, ಓಡಿದ್ದು ತೀರಾ ಕಡಿಮೆ. ತನಿಖಾಧಿಕಾರಿಗಳು ಮುಖ್ಯ ಕಾರಣವೆಂದು ಹೇಳಿದ್ದು ಅತಿವೇಗವನ್ನು. ಜೊತೆಗೆ ಇನ್ನೊಂದನ್ನೂ ಗುರುತು ಹಾಕಿಕೊಂಡರು: ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು, ಅದರಿಂದಲೂ ಕಾರಿನ ಹತೋಟಿ ಕುಂದಿರಬಹುದು ಎಂದು.

ವಯಸ್ಸು ತಿಳಿಯುವುದು ಸುಲಭ. ಟೈರಿನ ಪಕ್ಕೆಯಲ್ಲಿ ಡಿ-ಓ-ಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲೊಂದಿರುತ್ತದೆ, ಅದರ ಕೊನೆಯಲ್ಲಿ ನಾಲ್ಕು ಅಂಕಿ. 3514 ಎಂದಿದ್ದರೆ 2014ನೇ ಇಸವಿಯ 35ನೇ ವಾರ, ಅಂದರೆ ಆಗಸ್ಟ್ ಕೊನೆಯ ಹೊತ್ತಿಗೆ ತಯಾರಾದದ್ದು. ಕೆಲವೊಮ್ಮೆ ಈ ಅಂಕಿಗಳು ಟೈರಿನ ಒಂದು ಮಗ್ಗುಲಲ್ಲಿ ಮಾತ್ರ ಇರುತ್ತವೆ. ಆ ಮಗ್ಗುಲು ಒಳಗಡೆಗೆ ಬಂದಿದ್ದರೆ ಕಾರಿನಡಿ ಮೊಬೈಲ್ ತೂರಿಸಿ ಫೋಟೋ ತೆಗೆಯುವುದೇ ಉಪಾಯ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾಗಿ ಹತ್ತು ವರ್ಷವಾದ ಮೇಲೆ ಕಚ್ಚು ಎಷ್ಟೇ ಇದ್ದರೂ ತೆಗೆದುಬಿಡಿ ಎನ್ನುತ್ತದೆ ಮಿಶೆಲಿನ್ ಕಂಪನಿ. ಫೋರ್ಡ್ ಆರೇ ವರ್ಷಕ್ಕೆ ಬದಲಿಸಲು ಹೇಳುತ್ತದೆ. ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿದರೆ, ಕಲಬುರಗಿ ರಾಯಚೂರು ಕಡೆ ಬಯಲಲ್ಲಿ ನಿಲ್ಲುವ ಕಾರಿಗೆ ಆರು ವರ್ಷದ ಮಾತೇ ಸರಿ ಅನ್ನಿಸುತ್ತದೆ.

ಸವೆತದ ಲೆಕ್ಕ ಪ್ರತ್ಯೇಕ. ಹೊಸ ಕಾರ್ ಟೈರಿನ ಕಚ್ಚಿನ ಆಳ ಏಳೆಂಟು ಮಿಲಿಮೀಟರ್. ಕಾನೂನು ಒಪ್ಪುವ ಕನಿಷ್ಠ 1.6 ಮಿ.ಮೀ. ಕಚ್ಚಿನೊಳಗೆ ಅಲ್ಲಲ್ಲಿ ಅಡ್ಡಲಾಗಿ ಪುಟ್ಟ ದಿಬ್ಬಗಳಿರುತ್ತವೆ. ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿದಂತೆ.

ಒಣ ರಸ್ತೆಯಲ್ಲಿ ಈ ಕಚ್ಚುಗಳಿಂದ ಅಂಥ ಉಪಯೋಗವೇನಿಲ್ಲ ಎಂದರೆ ನಂಬುವುದು ಕಷ್ಟ. ರೇಸ್ ಕಾರುಗಳು ಒಣ ಟ್ರ್ಯಾಕಿನಲ್ಲಿ ಓಡುವುದು ಕಚ್ಚೇ ಇಲ್ಲದ ನುಣುಪು ಟೈರಿನ ಮೇಲೆ. ರಬ್ಬರು ಮೆತ್ತಗಿದ್ದರೆ, ಸವೆದ ಟೈರು ಒಣ ರಸ್ತೆಯಲ್ಲಿ ಹೊಸದಕ್ಕಿಂತ ಚೆನ್ನಾಗಿಯೇ ನಿಲ್ಲಿಸಬಹುದು. ಹೊಸ ಟೈರಿನ ಎತ್ತರದ ರಬ್ಬರ್ ತುಂಡುಗಳು ತಿರುವಿನಲ್ಲಿ ಕೊಂಚ ಓಲಾಡುತ್ತವೆ. ಹಾಕಿಸಿದ ಹೊಸತರಲ್ಲಿ ‘ಸ್ಟೇರಿಂಗ್ ಯಾಕೋ ತೇಲಿದಹಾಗಿದೆ’ ಅನ್ನಿಸುವುದಕ್ಕೆ ಅದೂ ಒಂದು ಕಾರಣ, ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಲೇಪದ ಅಂಶ ಇನ್ನೊಂದು. ಮೊದಲ ಕೆಲವು ನೂರು ಕಿಲೋಮೀಟರ್ ಹುಷಾರಾಗಿ ಓಡಿಸಿದರೆ ಎರಡೂ ಸರಿಹೋಗುತ್ತವೆ.

ಮಳೆ ಬಂತೋ, ಆಟದ ನಿಯಮವೇ ಬೇರೆ. ಕಚ್ಚು ಇರುವುದೇ ನೀರಿಗೆ ದಾರಿ ಬಿಡಲು. ನೀರು ಪಕ್ಕಕ್ಕೆ ಸರಿಯದಿದ್ದರೆ ಟೈರಿನ ಮುಂದೆ ಬೆಣೆಯ ಹಾಗೆ ಒತ್ತರಿಸಿ ನಿಂತು, ಕೊನೆಗೆ ಚಕ್ರವನ್ನೇ ರಸ್ತೆಯಿಂದ ಎತ್ತಿಬಿಡುತ್ತದೆ. ಆಗ ಸ್ಟೇರಿಂಗ್ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಗಾಡಿ ಕೇಳುವುದಿಲ್ಲ. ನಾಸಾದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ವಿಮಾನದ ಚಕ್ರಗಳು ತೊಯ್ದ ರನ್‌ವೇ ಮೇಲೆ ಜಾರುವುದನ್ನು ಅಧ್ಯಯನ ಮಾಡಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಅದನ್ನು ಕಾರಿಗೆ ಅನ್ವಯಿಸಿದರೆ, 32 ಪಿಎಸ್‌ಐ ಗಾಳಿಯಿರುವ ಟೈರು, ನೀರು ಹೊರಹೋಗಲು ದಾರಿಯಿಲ್ಲದಿದ್ದಾಗ, ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ಪೂರ್ತಿ ತೇಲುತ್ತದೆ. ಗಾಳಿ 24ಕ್ಕೆ ಇಳಿದಿದ್ದರೆ ಸುಮಾರು 82 ಕಿ.ಮೀ.ಗೇ ಆ ಸ್ಥಿತಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಕಾರುಗಳಿಗೆ ಗೊತ್ತುಮಾಡಿರುವ ಮಿತಿ 100. ಬೋಳು ಟೈರಿನ ಕಾರು ಜೋರು ಮಳೆಯಲ್ಲಿ ವೇಗಮಿತಿ ಮೀರದೆಯೇ ತೇಲಬಹುದು ಎಂದಾಯಿತು.

ಪೂರ್ತಿ ತೇಲುವವರೆಗೂ ಕಾಯಬೇಕಿಲ್ಲ. ಬ್ರಿಟನ್ನಿನ ಮೀರಾ ಎಂಬ ವಾಹನ ಪರೀಕ್ಷಾ ಸಂಸ್ಥೆ ತೊಯ್ದ ರಸ್ತೆಯಲ್ಲಿ ಹೊಸತರ ಹಾಗಿದ್ದ ಟೈರನ್ನೂ 1.6 ಮಿ.ಮೀ.ಗೆ ಸವೆದ ಟೈರನ್ನೂ ಹೋಲಿಸಿ ನೋಡಿತು. ಸವೆದ ಟೈರಿನ ಕಾರು ನಿಲ್ಲಲು ಮೂರನೇ ಒಂದು ಪಾಲಿಗೂ ಮೀರಿದ ಹೆಚ್ಚುವರಿ ದೂರ ತೆಗೆದುಕೊಂಡಿತು. ಘಾಟಿಯ ಕತೆ ಬೇರೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ವೇಗ ಇಪ್ಪತ್ತು ಮೂವತ್ತು ಇರುವುದರಿಂದ ತೇಲುವ ಭಯವಿಲ್ಲ. ಪಾಚಿ, ಎಲೆ, ಕೆಸರು ಬೆರೆತ ನುಣುಪು ರಸ್ತೆಯಲ್ಲಿ ಬೇಕಾದದ್ದು ಮೆತ್ತನೆಯ ರಬ್ಬರು. ಎಕ್ಸ್‌ಪ್ರೆಸ್‌ವೇನಲ್ಲಿ ಕಚ್ಚಿನ ಆಳ, ಘಾಟಿಯಲ್ಲಿ ರಬ್ಬರಿನ ವಯಸ್ಸು. ಹಳೆಯ ಮನೆಕಾರು ಎರಡನೆಯ ಪರೀಕ್ಷೆಯಲ್ಲಿ ನಪಾಸಾಗುವುದೇ ಹೆಚ್ಚು, ಅದೂ ಯಾರಿಗೂ ಗೊತ್ತಾಗದ ಹಾಗೆ.

ಇನ್ನೊಂದು ಸಂಗತಿ ಹಳೆಯ ಕಾರಿಗೆ ವಿಶೇಷವಾಗಿ ಅನ್ವಯಿಸುವಂಥದು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಮುಂಚಿನ ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಗಾಬರಿಯಲ್ಲಿ ಬ್ರೇಕ್ ತುಳಿದರೆ ಗಟ್ಟಿ ಟೈರು ಬೇಗ ಲಾಕ್ ಆಗಿ ಕಿರ್ರೆಂದು ಉಜ್ಜಿಕೊಂಡು ಹೋಗುತ್ತದೆ. ಹೊಸ ಟೈರು ಹಾಕಿದ ಮೇಲೆ ಅದೇ ಪೆಡಲನ್ನು ಇನ್ನಷ್ಟು ಒತ್ತಿದರೂ ಚಕ್ರ ಉರುಳುತ್ತಲೇ ನಿಲ್ಲುತ್ತದೆ. ‘ಬ್ರೇಕ್ ಚೆನ್ನಾಗಾಯ್ತು’ ಎಂದು ಮಾಲೀಕರು ಹೇಳುವುದು ಈ ಬದಲಾವಣೆಯನ್ನೇ.

ಇನ್ನು ಕುಲುಕಾಟದ ವಿಚಾರ. ಗಾಳಿ ತುಂಬಿದ ಟೈರು ಹುಟ್ಟಿದ್ದೇ ಸುಖಕ್ಕಾಗಿ. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್ಲಪ್ ತಮ್ಮ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಗಡಗಡ ಎನ್ನುವುದನ್ನು ತಪ್ಪಿಸಲು ಗಾಳಿಯ ಕೊಳವೆ ಸುತ್ತಿ, 1888ರಲ್ಲಿ ಪೇಟೆಂಟ್ ಪಡೆದರು. ಮಿಶೆಲಿನ್ 1946ರಲ್ಲಿ ಪೇಟೆಂಟ್ ಮಾಡಿದ ರೇಡಿಯಲ್ ಟೈರು ಮುಂದಿನ ದೊಡ್ಡ ಹೆಜ್ಜೆ. ಅದರಲ್ಲಿ ಪಕ್ಕೆ ಸಲೀಸಾಗಿ ಬಾಗುತ್ತದೆ, ಉಕ್ಕಿನ ಪಟ್ಟಿ ಇರುವ ತಳ ಮಾತ್ರ ಚಪ್ಪಟೆಯಾಗಿ ರಸ್ತೆಗೆ ಅಂಟಿರುತ್ತದೆ. ನಮ್ಮಲ್ಲಿ ಅಂಬಾಸಿಡರ್ ಕಾಲದ ನೈಲಾನ್ ಟೈರುಗಳನ್ನು ಬಲ್ಲವರಿಗೆ ಬೆಳಗ್ಗೆ ಗಾಡಿ ಹೊರಟಾಗಿನ ದಡದಡ ನೆನಪಿರಬಹುದು. ರಾತ್ರಿಯಿಡೀ ನಿಂತಲ್ಲಿ ಚಪ್ಪಟೆಯಾದ ನೈಲಾನ್ ಎಳೆಗಳು ಬಿಸಿಯಾಗಿ ಮತ್ತೆ ದುಂಡಗಾಗುವವರೆಗೂ ಆ ಸದ್ದು ಇರುತ್ತಿತ್ತು. ರೇಡಿಯಲ್ ಬಂದು ಅದನ್ನು ಮರೆಸಿತು. ಮೈಸೂರಿನ ವಿಕ್ರಾಂತ್ ಟೈರ್ಸ್ ಸಂಸ್ಥೆಯನ್ನು 1997ರಲ್ಲಿ ತೆಕ್ಕೆಗೆ ತೆಗೆದುಕೊಂಡ ಜೆಕೆ ಟೈರ್ ಇಂದಿಗೂ ಅಲ್ಲಿ ರೇಡಿಯಲ್‌ಗಳನ್ನು ತಯಾರಿಸುತ್ತಿದೆ.

ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಮೊದಲು ಬಾಗುವುದು ಟೈರಿನ ಪಕ್ಕೆ. ಶಾಕ್ ಅಬ್ಸಾರ್ಬರ್, ಸ್ಪ್ರಿಂಗುಗಳ ಸರದಿ ಆಮೇಲೆ. ಪಕ್ಕೆ ಸೆಟೆದುಕೊಂಡಿದ್ದರೆ ಸಣ್ಣಪುಟ್ಟ ಹೊಡೆತವೆಲ್ಲ ನೇರವಾಗಿ ಸ್ಟೇರಿಂಗಿಗೂ ಸೀಟಿಗೂ ಬರುತ್ತದೆ. ದೊಡ್ಡ ಹಂಪಿನಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯದು. ತೇಪೆ ಹಾಕಿದ ಡಾಂಬರು, ಕಾಂಕ್ರೀಟ್ ರಸ್ತೆಯ ಸಂದು, ಟೋಲ್ ಗೇಟಿನ ಮುಂದಿನ ಸಾಲು ಸಾಲು ದಪ್ಪ ಬಿಳಿಗೆರೆಗಳ ಮೇಲೆ ಹೋದಾಗ ಚೆನ್ನಾಗಿ ತಿಳಿಯುತ್ತದೆ. ಸದ್ದೂ ಹಾಗೆಯೇ. ಏರುಪೇರಾಗಿ ಸವೆದ ಹಳೆ ಟೈರು ಅರವತ್ತು ದಾಟಿದೊಡನೆ ಗುಂಯ್ ಎನ್ನತೊಡಗುತ್ತದೆ. ಅದು ಚಕ್ರದ ಬೇರಿಂಗ್ ಹೋದಾಗಿನ ಸದ್ದನ್ನು ಎಷ್ಟು ಹೋಲುತ್ತದೆಂದರೆ, ಬೇರಿಂಗ್ ಬದಲಿಸಿ ದುಡ್ಡು ತೆತ್ತ ಮೇಲೂ ಗುಂಯ್‌ಗುಡುವ ಕಾರುಗಳು ಗ್ಯಾರೇಜಿಗೆ ವಾಪಸು ಬರುವುದುಂಟು.

ಮೆತ್ತಗಿರಲೆಂದು ಗಾಳಿ ಕಡಿಮೆ ಹಾಕಿಸುವ ಅಭ್ಯಾಸ ಕೆಲವರಿಗಿದೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗೆ ಕಂಪನಿಯೇ 26 ಪಿಎಸ್‌ಐ ಸಾಕೆಂದು ಹೇಳಿತ್ತು. ಅದರ ಫೈರ್‌ಸ್ಟೋನ್ ಟೈರುಗಳ ತಳದ ಪಟ್ಟಿ ಬಿಸಿಯೇರಿದಾಗ ಕಿತ್ತುಬಂದು ಗಾಡಿಗಳು ಪಲ್ಟಿಯಾದವು. 2000ದ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ವಾಪಸು ಪಡೆಯಬೇಕಾಯಿತು. ಸತ್ತವರ ಸಂಖ್ಯೆ ಸರ್ಕಾರಿ ಲೆಕ್ಕದಲ್ಲಿ 271. ಟೈರು ಸರಿಯಿಲ್ಲ ಎಂದು ಒಬ್ಬರು, ಗಾಡಿಯೂ ಗಾಳಿಯ ಒತ್ತಡವೂ ಸರಿಯಿಲ್ಲ ಎಂದು ಇನ್ನೊಬ್ಬರು ಬೆರಳು ತೋರಿಸಿಕೊಂಡರು. ಗಾಳಿ ಕಡಿಮೆಯಾದರೆ ಪಕ್ಕೆ ಅತಿಯಾಗಿ ಬಾಗಿ ಬಿಸಿಯಾಗುತ್ತದೆ ಎಂಬುದರಲ್ಲಿ ಮಾತ್ರ ಯಾರದೂ ತಕರಾರಿಲ್ಲ. ಡ್ರೈವರ್ ಬಾಗಿಲಿನ ಅಂಚಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ಗಾಳಿ, ಬೆಳಗಿನ ತಣ್ಣನೆಯ ಟೈರಿಗೆ. ಮೆತ್ತಗಾಗಬೇಕೆಂದರೆ ಬದಲಿಸಬೇಕಾದದ್ದು ರಬ್ಬರನ್ನು.

ಹಳೆಯ ಕಾರಿಗೆ ಹೊಸ ಟೈರು ತಂದುಕೊಡುವ ಇನ್ನೊಂದು ಲಾಭ ಜನರ ಗಮನಕ್ಕೆ ಬರುವುದಿಲ್ಲ. ಹಿಂದೆ ಹಿಡಿತ ಬೇಕೆಂದರೆ ಮೈಲೇಜ್ ಬಿಡಬೇಕಿತ್ತು, ಮೈಲೇಜ್ ಬೇಕೆಂದರೆ ಒದ್ದೆ ರಸ್ತೆಯ ಹಿಡಿತ ಬಿಡಬೇಕಿತ್ತು. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ರಬ್ಬರಿಗೆ ಕಾಡಿಗೆಯ (ಕಾರ್ಬನ್ ಬ್ಲ್ಯಾಕ್) ಬದಲು ಸಿಲಿಕಾ ಬೆರೆಸಿ ಈ ಜಗ್ಗಾಟವನ್ನು ಸಡಿಲಿಸಿತು. ಈಗ ಭಾರತದಲ್ಲೂ ಎಐಎಸ್-142 ಎಂಬ ಮಾನದಂಡವಿದೆ. ಒದ್ದೆ ರಸ್ತೆಯ ಹಿಡಿತ, ಉರುಳುವಿಕೆಗೆ ಒಡ್ಡುವ ತಡೆ, ಸದ್ದು ಮೂರಕ್ಕೂ ಅದು ಮಿತಿ ಹಾಕಿದೆ. ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ಹಾಗಾಗಿ 2010ರ ಕಾರಿಗೆ ಅದೇ ಅಳತೆಯ ಇಂದಿನ ಟೈರು ಹಾಕಿದರೆ, ಶೋರೂಮಿನಿಂದ ಹೊರಬಂದ ದಿನಕ್ಕಿಂತಲೂ ಅದು ಚೆನ್ನಾಗಿ ನಿಲ್ಲುವ ಸಾಧ್ಯತೆಯಿದೆ.

‘ಅದೇ ಅಳತೆ’ ಎಂದಲ್ಲೇ ಬಹಳ ಜನ ತಪ್ಪುವುದು. ಹಳೆಯ ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾದರಿಗಳಿಗೆ ಬರುತ್ತಿದ್ದುದು 165/80 ಆರ್14. ಅಂದರೆ 165 ಮಿ.ಮೀ. ಅಗಲ, ಅಗಲದ ಶೇ 80ರಷ್ಟು, ಎಂದರೆ 132 ಮಿ.ಮೀ., ಪಕ್ಕೆಯ ಎತ್ತರ, 14 ಇಂಚಿನ ರಿಮ್. ಇದೇ ಕಾರಿನ ದುಬಾರಿ ಮಾದರಿಗೆ ಬರುತ್ತಿದ್ದ 185/70 ಆರ್14 ಹಾಕಿಸಿದರೆ ಪಕ್ಕೆ 129.5 ಮಿ.ಮೀ. ಚಕ್ರದ ಒಟ್ಟು ಎತ್ತರದಲ್ಲಿ ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ, ಅಗಲ ಮಾತ್ರ ಹೆಚ್ಚು. ತಿರುವಿನಲ್ಲಿ ನಿಲುವು ಗಟ್ಟಿಯಾಗುತ್ತದೆ, ಸ್ಟೇರಿಂಗ್ ತುಸು ಭಾರವಾಗುತ್ತದೆ, ಮೈಲೇಜ್ ಕೊಂಚ ಇಳಿಯುತ್ತದೆ. ಇಷ್ಟರವರೆಗೆ ಸರಿ. ಅಂದಕ್ಕೆಂದು 16 ಇಂಚಿನ ಅಲಾಯ್ ವೀಲ್ ಕೂರಿಸಿ 195/55 ಟೈರು ಹಾಕಿದರೆ ಪಕ್ಕೆ 107 ಮಿ.ಮೀ.ಗೆ ಇಳಿಯುತ್ತದೆ. ಹೊಡೆತ ನುಂಗುವ ಜಾಗದಲ್ಲಿ ಒಂದು ಇಂಚು ಹೋಯಿತು. ನಮ್ಮ ಗುಂಡಿಗಳಲ್ಲಿ ಆ ಒಂದು ಇಂಚಿಗೆ ರಿಮ್ಮಿನ ಅಂಚು ಬಾಗುವಷ್ಟು ಬೆಲೆಯಿದೆ.

ಟೈರ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಒಳ್ಳೆಯದು. ಯಂತ್ರ ಹಳೆ ಟೈರನ್ನು ರಿಮ್ಮಿನಿಂದ ಬಿಡಿಸುತ್ತದೆ. ಬರಿದಾದ ರಿಮ್ಮಿನ ಅಂಚಿನಲ್ಲಿ ತುಕ್ಕು, ಹಳೆ ರಬ್ಬರಿನ ಚೂರು ಹತ್ತಿರುತ್ತವೆ. ಉಜ್ಜಿ ತೆಗೆಯದಿದ್ದರೆ ಗಾಳಿ ಮೆಲ್ಲನೆ ಸೋರುತ್ತದೆ. ಟ್ಯೂಬ್‌ಲೆಸ್ ಟೈರಿನ ರಬ್ಬರ್ ವಾಲ್ವ್ ಕೂಡ ಕಾರಿನಷ್ಟೇ ಹಳೆಯದು, ಅದನ್ನೂ ಬದಲಿಸಬೇಕು. ಖರ್ಚು ಅತ್ಯಲ್ಪ, ಕೇಳದಿದ್ದರೆ ಹಳೆಯದೇ ಉಳಿದುಬಿಡಬಹುದು. ಸೋಪಿನ ನೊರೆ ಸವರಿ ಹೊಸ ಟೈರು ತೊಡಿಸಿ ಗಾಳಿ ಬಿಟ್ಟಾಗ ಅಂಚು ಟಪ್ ಟಪ್ ಎಂದು ಎರಡು ಸಲ ಸದ್ದು ಮಾಡಿ ರಿಮ್ಮಿಗೆ ಕೂರುತ್ತದೆ. ಆಮೇಲೆ ಬ್ಯಾಲೆನ್ಸಿಂಗ್: ಚಕ್ರವನ್ನು ಗರಗರ ತಿರುಗಿಸಿ, ಎಲ್ಲಿ ಎಷ್ಟು ಗ್ರಾಂ ಕಡಿಮೆಯೋ ಅಲ್ಲಿ ಸೀಸದ ತುಂಡು ಬಡಿಯುತ್ತಾರೆ. ಕೊನೆಗೆ ಅಲೈನ್‌ಮೆಂಟ್. ಹಳೆಯ ಕಾರಿನಲ್ಲಿ ನಿಜ ಬಯಲಾಗುವುದು ಇಲ್ಲೇ. ಬುಷ್, ಬಾಲ್ ಜಾಯಿಂಟ್ ಸಡಿಲಾಗಿದ್ದರೆ ಅಳತೆ ನಿಲ್ಲುವುದಿಲ್ಲ, ಹೊಸ ಟೈರು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಒಂದು ಅಂಚಿನಲ್ಲಿ ಸವೆದು ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಅದನ್ನೂ ಟೈರು ಮುಚ್ಚಿಡಲಾರದು. ಸಣ್ಣ ಕುಲುಕಾಟ ನಿಂತು, ಹಂಪು ಇಳಿದ ಮೇಲಿನ ಓಲಾಟ ಹಾಗೇ ಉಳಿದರೆ ಮುಂದಿನ ಖರ್ಚು ಎಲ್ಲಿಗೆಂದು ತಿಳಿದಂತೆ.

ಎರಡೇ ಟೈರು ಕೊಳ್ಳುವಷ್ಟು ದುಡ್ಡಿದ್ದರೆ ಎಲ್ಲಿಗೆ ಹಾಕಿಸುವುದು? ‘ಮುಂದಕ್ಕೇ ಹಾಕೋಣ, ಸ್ಟೇರಿಂಗು ಎಂಜಿನ್ನು ಎಲ್ಲಾ ಅಲ್ಲೇ ಅಲ್ವಾ’ ಎನ್ನುವುದು ಅಂಗಡಿಯವರ ವಾಡಿಕೆ. ಟೈರ್ ಕಂಪನಿಗಳ ಸಲಹೆ ಇದಕ್ಕೆ ತದ್ವಿರುದ್ಧ: ಹೊಸದು ಹಿಂದಕ್ಕೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗಲು ನೋಡುತ್ತದೆ. ಅದು ಕೈಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಪಾಲು ಹತೋಟಿಗೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಗಾಡಿ ಗಿರ್ರನೆ ತಿರುಗಿ ನಿಲ್ಲುತ್ತದೆ, ನುರಿತ ಡ್ರೈವರ್ ಕೂಡ ಸಾವರಿಸುವುದು ಕಷ್ಟ. ಚೆನ್ನಾಗಿರುವ ಹಳೆ ಜೋಡಿ ಮುಂದಕ್ಕೆ, ಹೊಸ ಜೋಡಿ ಹಿಂದಕ್ಕೆ ಎಂದು ಪಟ್ಟು ಹಿಡಿದು ಹೇಳಬೇಕಾಗುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಒಮ್ಮೆ ಹೊರಗೆ ತೆಗೆಸಿ ನೋಡಬೇಕು. ನೆಲವನ್ನೇ ಮುಟ್ಟದ, ಫಳಫಳ ಹೊಳೆಯುವ ಅದಕ್ಕೂ ಕಾರಿನಷ್ಟೇ ವಯಸ್ಸು.

ಸಣ್ಣ ಕಾರಿನ 14 ಇಂಚಿನ ಟೈರು ಒಂದಕ್ಕೆ ನಾಲ್ಕೈದು ಸಾವಿರದ ಆಸುಪಾಸು ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಕೊಂಚ ಹಗುರವಾಗಿದೆ. ಹಳೆಯದನ್ನು ಕೊಟ್ಟರೆ ಅಂಗಡಿಯವರು ಬಿಲ್ಲಿನಲ್ಲಿ ಕೆಲವು ನೂರು ರೂಪಾಯಿ ಬಿಡುತ್ತಾರೆ. ಪೂರ್ತಿ ಬೋಳಾದದ್ದು ಗುಜರಿಗೆ ಹೋಗುತ್ತದೆ. ಕಚ್ಚು ಉಳಿದಿರುವ, ವಯಸ್ಸಾದ ಟೈರಿಗೆ ಮಾತ್ರ ಇನ್ನೊಂದು ಮಾರುಕಟ್ಟೆಯಿದೆ. ತೊಳೆದು, ಕಪ್ಪು ಪಾಲಿಶ್ ಬಳಿದು, ‘ಎಪ್ಪತ್ತು ಪರ್ಸೆಂಟ್ ಗ್ರಿಪ್’ ಎಂದು ಸೆಕೆಂಡ್ ಹ್ಯಾಂಡ್ ಸಾಲಿನಲ್ಲಿ ಜೋಡಿಸಿಡುತ್ತಾರೆ. ಅಲ್ಲಿ ಬೆರಳಾಡಿಸಿ ಕೊಂಡವರ ಕಾರಿನಲ್ಲಿ ಅದು ಇನ್ನೊಂದೆರಡು ಮಳೆಗಾಲ ಓಡುತ್ತದೆ. ಹಾಗಾಗುವುದು ಬೇಡವೆನ್ನುವವರು ಅಂಗಡಿಯಲ್ಲೇ ಅದರ ಪಕ್ಕೆಗೆ ಚಾಕು ಹಾಕಿಸಿ, ಆ ಕೆಲವು ನೂರು ರೂಪಾಯಿಯ ಆಸೆ ಬಿಟ್ಟು ಬರುತ್ತಾರೆ.